ನಿದ್ದಿ ಬಂದ ಸಾಲು

ಗುಳೇದಗುಡ್ಡದ ನಮ್ಮ ಹೈಸ್ಕೂಲಿಗೆ ಗಂಟೆ ಇರಲಿಲ್ಲ.
ರೈಲು ಹಳಿಯದೊಂದು ತುಂಡು ಬೇವಿನ ಟೊಂಗೆಗೆ ಜೋತುಬಿದ್ದು
ಮೋದಿನಸಾಬನ ಸುತ್ತಿಗೆಗೆ ಕಾಯುತ್ತಿತ್ತು.
ಅವ ಬಡಿದರೆ ಕೆಂಪು ಗುಡ್ಡ ಒಮ್ಮೆ ಓಗೊಟ್ಟು ಸುಮ್ಮನಾಗುತ್ತಿತ್ತು,
ಓಣಿಯ ಮಗ್ಗಗಳು ಮಾತ್ರ ಸುಮ್ಮನಾಗುತ್ತಿರಲಿಲ್ಲ.
ಪ್ರಾರ್ಥನೆಯ ನಡುವೆ ಟಕ್ಕಟಕಾ,
ಅಶೋಕನ ಶಾಸನದ ನಡುವೆ ಟಕ್ಕಟಕಾ,
ಕೇಳಿ ಕೇಳಿ
ಕೇಳಿಸುವುದೇ ನಿಂತುಹೋಗಿತ್ತು ನಮಗೆ.

ನನ್ನ ಅಕ್ಷರ ದುಂಡಗಿತ್ತು. ಅದೇ ಕೇಡು.
ಗೋಡೆ ಪತ್ರಿಕೆ ನಾನೇ ಬರೆಯಬೇಕು,
ಫೀ ತುಂಬದವರ ಯಾದಿ ನಾನೇ,
ಜಾಲಿಹಾಳ ಮಾಸ್ತರರ ಮಗಳ ಲಗ್ನದ ಲಕೋಟೆಗಳಿಗೂ
ನನ್ನದೇ ಟಾಕು, ನನ್ನದೇ ದೌತಿ.
ಬೆರಳಿಗೆ ಹತ್ತಿದ ಮಸಿಯನ್ನು ತೊಳೆಯದೆ ಮೆರೆಯುತ್ತಿದ್ದೆ.

ಮಾಗುಂಡಪ್ಪನದು ಕಡೇ ಬೆಂಚು.
ಮೂರನೇ ತಾಸಿಗೆ ಸರಿಯಾಗಿ ಅವನ ಹಣೆ
ಭೂಮಿತಿಯ ಪುಸ್ತಕಕ್ಕೆ ಇಳಿಯುತ್ತಿತ್ತು.
‘ನೋಡ್ರಪಾ, ಲಂಬ ಎಳದ’ ಎನ್ನುತ್ತಿದ್ದರು ಮಾಸ್ತರರು,
ಒಗೆದ ಖಡುವಿನ ತುಂಡು ಅವನ ಕೂದಲಲ್ಲೇ ಉಳಿಯುತ್ತಿತ್ತು.
ಲೇಜೀಮಿನಲ್ಲಿ ಮಾತ್ರ ಅವನ ಹೆಜ್ಜೆಗೆ ಸಾಟಿ ಇರಲಿಲ್ಲ.
ಕಾಲಿಗೆ ಅಷ್ಟೊಂದು ಲೆಕ್ಕ ಎಲ್ಲಿಂದ ಬಂತೆಂದು
ಆಗ ನಾನು ಕೇಳಿಕೊಳ್ಳಲಿಲ್ಲ.

ಗ್ಯಾದರಿಂಗಿನ ದಿನ ಫಿಶ್‌ಪಾಂಡ್.
ಬಣ್ಣದ ಕಾಗದ ಸುತ್ತಿದ ಡಾಲ್ಡಾ ಡಬ್ಬಿ,
ಅದರೊಳಗೆ ಬರೆದವರ ಹೆಸರಿಲ್ಲದ ಚೀಟಿ.
ಹುಡುಗಿಯರು ಒಂಬತ್ತೇ ಮಂದಿ,
ಅವರಿಗೆ ಬರೆಯಕೂಡದೆಂದು ಕಟ್ಟಪ್ಪಣೆ.
ಹೆಡ್‌ಮಾಸ್ತರರ ಕೊಡೆಯ ಮೇಲೂ ಒಂದು ಬಿತ್ತು:
‘ಮಳೆಗೆ ಬಿಚ್ಚದ್ದು, ಬೆನ್ನಿಗೆ ಬೀಳುವುದು, ಯಾವುದು?’
ಅವರೇ ಮೊದಲು ನಕ್ಕರು.
ಆಮೇಲೆ ನನ್ನದು.
‘ಮಾಗುಂಡಪ್ಪಗೆ: ಸಾಲಿಗೆ ಬರುವಾಗ ತಲೆದಿಂಬು ಮರೆತೆಯಲ್ಲೋ, ತಗೋ.’
ಜೊತೆಗೆ ಮುಷ್ಟಿಯಷ್ಟು ದಿಂಬು, ಅಕ್ಕನ ಹಳೇ ಲಂಗದ್ದು.
ಪೆಂಡಾಲು ಹಾರಿಹೋಗುವಂತೆ ನಗೆ.
ಎದ್ದು ಬಂದ, ಎರಡೂ ಕೈಯಲ್ಲಿ ಇಸಿದುಕೊಂಡ,
ಉಬ್ಬಿದೆಯೋ ಇಲ್ಲವೋ ಎಂದು ಒತ್ತಿ ನೋಡಿ
ತಾನೂ ನಕ್ಕ.

ಮರುದಿನ ನೀರಿನ ಹರವಿಯ ಹತ್ತಿರ ಅಂದ:
‘ನಿನ್ನ ಒತ್ತಕ್ಷರದ ಬಾಲ ಬಾಳ ಉದ್ದಲೋ.’
ಅಷ್ಟೇ. ತಂಬಿಗೆ ನನ್ನ ಕೈಗಿತ್ತು ಹೋದ.
ಇವತ್ತಿಗೂ ನಾನು ಒತ್ತಕ್ಷರಕ್ಕೆ ಬಾಲ ಬಿಡುವುದಿಲ್ಲ.

ಬೇಸಿಗೆಯ ಸೂಟಿ. ಅಕ್ಕನ ಲಗ್ನ ಹತ್ತಿರ.
ಖಣ ತಾ ಎಂದು ಅವ್ವ ಕಳಿಸಿದ ಮನೆ
ಅವನದೇ ಎಂದು ಹೊಸ್ತಿಲಲ್ಲಿ ತಿಳಿಯಿತು.
ರಾತ್ರಿ ಒಂಬತ್ತು. ಕಂದೀಲು.
ಮಾಗುಂಡಪ್ಪ ನಡುಮಟ ನೆಲದೊಳಗಿದ್ದ.
ಕುಣಿಯಲ್ಲಿ ಕಾಲು ಕಾಣಲಿಲ್ಲ, ಕೇಳಿಸಿತು:
ಟಕ್ಕಟಕಾ, ಟಕ್ಕಟಕಾ.
ಇಡೀ ವರ್ಷ ಕೇಳಿಸದೇ ಇದ್ದದ್ದು.
ಮಗ್ಗದ ಗೂಟಕ್ಕೆ ನನ್ನ ದಿಂಬು ನೇತುಬಿದ್ದಿತ್ತು,
ಮೈತುಂಬ ಸೂಜಿ ಚುಚ್ಚಿಸಿಕೊಂಡು.
‘ಮಲಗಾಕ ಸಣ್ಣದಾತು’ ಅಂದ, ಲಾಳಿ ನಿಲ್ಲಿಸದೆ.

ಏಳೆಂಟು ಖಣ ಬಿಚ್ಚಿ ಹಾಸಿದ.
ಅಡಿಕೆ ಕೆಂಪಿನದೊಂದರ ಮೇಲೆ ಬೆರಳಿಟ್ಟು ದನಿ ಇಳಿಸಿದ:
‘ಇಲ್ನೋಡು. ಹೂವಿಗೆ ಒಂದು ಎಸಳು ಕಡಿಮಿ.
ಇಲ್ಲಿ ನನಗ ನಿದ್ದಿ ಬಂದಿತ್ತು.
ಅಪ್ಪ ಇನ್ನೂ ನೋಡಿಲ್ಲ.’
ನಾನು ಏನಾದರೂ ಅನ್ನಬೇಕಿತ್ತು.
ಬಾಯಿಗೆ ಬಂದದ್ದು, ‘ಇದ ಕೊಡು.’

ಮನೆಯಲ್ಲಿ ಅವ್ವ ದೀಪಕ್ಕೆ ಹಿಡಿದಳು.
ಬೆರಳು ಸೀದಾ ಆ ಸಾಲಿಗೇ ಹೋಯಿತು.
‘ಏ, ಇಲ್ಲಿ ತಪ್ಪೇತಲ್ಲೋ.’

‘ಇಲ್ಲಬೇ’ ಎಂದೆ.